ಸ್ವಾದರಮಾವನ ತೊಡಿ

ಮನ್ಯಾಗ ಒಂದ ಕೂಸು ಹುಟ್ಟಿತಂದ್ರ ಓಣಿಗೆ ಓಣೀನ ಡಾಕ್ಟರ ಆಗತೇತಿ. ಟೊಪಗಿ ಹಾಕ್ರಿ ಅನ್ನಾವ್ರ ಒಬ್ಬರು, ಸೆಕಿ ಆಗತೇತಿ ತಗೀರಿ ಅನ್ನಾವ್ರ ಇನ್ನೊಬ್ಬರು. ಬಾಳಿಹಣ್ಣ ಕೊಟ್ರ ನೆಗಡಿ ಅಂತಾರ, ಕೊಡದಿದ್ರ ಕೂಸು ಬಡಕಾಗೇತಿ ಅಂತಾರ. ನಾ ಹೈಸ್ಕೂಲಿನ್ಯಾಗ ವಿಜ್ಞಾನ ಕಲಸಾಕಿ. ಒಂದ ಕ್ಲಾಸ್ ತುಂಬ ಹುಡುಗೂರನ್ನ ಬರೇ ಕಣ್ಣಿಲೆ ಕುಂದರಸಾಕಿ. ಹಿಂಗಾಗಿ ಎಲ್ಲಾರ ಮಾತೂ ಕೇಳತಿದ್ನಿ, ನನಗ ಸರಿ ಅನಿಸಿದ್ದ ಮಾಡತಿದ್ನಿ. ಡೈಪರ ಹಾಕೂದೋ ಹಳೇ ಧೋತರದ ಲಂಗೋಟಿ ಕಟ್ಟೂದೋ, ಹಠಾ ಮಾಡಿದ್ರ ಎತ್ತಕೊಳ್ಳೂದೋ ಬಿಡೂದೋ, ಇದ್ಯಾವದಕ್ಕೂ ನಾ ನಿದ್ದಿಗೆಟ್ಟಾಕಿ ಅಲ್ಲ. ಇವತ್ತ ತಪ್ಪಿದ್ರ ನಾಳೆ ತಿದ್ದಕೊಂಡ್ರಾತು. ನಾ ಸಿಕ್ಕೊಂಡಿದ್ದು ಮಗನ ಕೂದಲದಾಗ.

ನಮ್ಮಲ್ಲೆ ಕೂಸಿನ ತಲಿಗೂದಲ ಮೊದಲ ಸಲ ತಗಸೂದಕ್ಕ ಜವಳ ಅಂತಾರ. ಅಲ್ಲೀತನಾ ತಲಿಗೆ ಕತ್ರಿ ತಾಗಸಂಗಿಲ್ಲ. ವರ್ಷ ತುಂಬೂದರೊಳಗ ಬೆಸ ತಿಂಗಳ ನೋಡಿ ಮಾಡಬೇಕು. ಅದು ತಪ್ಪಿತಂದ್ರ ಮೂರನೇ ವರ್ಷಕ್ಕ ಹೋತು. ಎಲ್ಲಾಕ್ಕಿಂತಾ ದೊಡ್ಡ ಮಾತಂದ್ರ, ಕೂಸು ಕುಂದರಬೇಕಾದ್ದು ಸ್ವಾದರಮಾವನ ತೊಡಿಮ್ಯಾಲೆ. ಮೊದಲಿನ ಒಂದೆರಡ ಎಳಿ ಅಂವ ಕತ್ತರಸಬೇಕು, ಉಳದದ್ದ ಕಟಿಂಗ್ ಅಂಗಡಿಯಾಂವ. ಮಾಮಾ ಇಲ್ಲದ ಜವಳಾ ಮಾಡಿದ್ರ ತಾಯಿಗೆ ತೌರಮನಿ ಇಲ್ಲ ಅಂತ ಊರ ಮುಂದ ಹೇಳಿಧಂಗ.

ನನಗ ಇರಾಂವ ಒಬ್ಬನ ಅಣ್ಣ. ಖಾನಾಪುರದಾಗ ಇಟ್ಟಂಗಿ, ಹಂಚಿನ ವ್ಯಾಪಾರ ಮಾಡತಾನು. ಅವ್ವ, ಅಪ್ಪ ಇಬ್ರೂ ಹೋದಮ್ಯಾಲೆ ನನ್ನ ಮದಿವಿ ಮಾಡಿದಾಂವ ಅವನ. ನನ್ನ ಬಾಣಂತನಾನೂ ಅವನ ಮನ್ಯಾಗ, ಅವನ ಹೆಂಡತಿ ವೈನಿ ಕೈಯಾಗ ಆತು. ಆ ಮೂರ ತಿಂಗಳ ನನ್ನ ಮಗಾ ನೆಲಾ ಕಂಡಿದ್ದ ಕಡಿಮಿ. ಅಣ್ಣ ವ್ಯಾಪಾರದಿಂದ ಬಂದಾಂವ ಕೈಕಾಲ ತೊಳಕೊಂಡ ಮೊದಲ ಕೂಸಿನ್ನ ಎತ್ತಕೊಳ್ಳಾಂವ, ಆಮ್ಯಾಲೆ ಚಾ.

ಜಗಳ ಹತ್ತಿದ್ದು ಆ ಮೂರ ತಿಂಗಳ ಮುಗದಮ್ಯಾಲೆ, ತೊಟ್ಲದ ದಿನ. ಕೂಸಿನ್ನ ತೊಟ್ಲದಾಗ ಹಾಕಿ ಹೆಸರ ಇಡೂ ಕಾರ್ಯ ಬೆಳಗಾವಿ ಅನಗೋಳದಾಗ ನಮ್ಮ ಮಾವಾರ ಮನ್ಯಾಗಿತ್ತು. ತೊಟ್ಲಾ ತೌರಮನಿಯವರ ತರಬೇಕು. ಅಣ್ಣ ಖಾನಾಪುರದಾಗ ಸಾಗವಾನಿದು ಹೇಳಿ ಮಾಡಸಿದ್ದ. ಅದನ್ನ ಟೆಂಪೋದಾಗ ಹೇರಕೊಂಡ ಬರೂಮುಂದ ದಾರ್ಯಾಗ ಗಾಲಿ ಪಂಚರ ಆತು. ಇತ್ತ ಮುಹೂರ್ತ ಮೀರಾಕತ್ತಿತು, ಸ್ವಾಮಿಗೋಳು ಇನ್ನೊಂದ ಮನಿಗೆ ಹೋಗಬೇಕಂತ ಎದ್ದ ನಿಂತ್ರು. ಮಾವಾರು ಬಾಜೂ ಮನಿ ತೊಟ್ಲಾ ತರಿಸಿ ಕಾರ್ಯ ಮುಗಿಸಿಬಿಟ್ರು. ಅಣ್ಣ ಬಂದ ನೋಡತಾನು, ಮಂದಿ ತೊಟ್ಲದಾಗ ತನ್ನ ಅಳಿಯಾ ಮಲಗ್ಯಾನ. ತಂದ ತೊಟ್ಲಾ ಅಂಗಳದಾಗ ಇಳಿಸಿ, ಉಣ್ಣದ ತಿರಿಗಿ ಹೋಗಿಬಿಟ್ಟ.

ಉಣ್ಣದ ಹೋಗೂದಂದ್ರ ನಮ್ಮ ಕಡೆ ಮಾರಿಗೆ ಹೊಡಧಂಗ. ಮಾವಾರಿಗೂ ಅದು ಹಂಗ ಹತ್ತಿತು. ಮರುದಿನಾ ಬಿಸಲಾಗ ಬಿದ್ದಿದ್ದ ತೊಟ್ಲಾ ನಾನ ಒಳಗ ತರಿಸಿದ್ನಿ. ನಿಮ್ಮ ಜಗಳದಾಗ ತೊಟ್ಲಾ ಏನ ತಪ್ಪ ಮಾಡೇತ್ರಿ ಅಂತ ಕೇಳಿದ್ದಕ್ಕ ಮಾವಾರು ಪೇಪರ ಮಾರಿಗೆ ಅಡ್ಡ ಹಿಡದ್ರು. ಅಂದಿನಿಂದ ಕೂಸು ಅದರಾಗ ಮಲಗಿತು, ತೊಟ್ಲಾ ತಂದಾಂವ ಮಾತ್ರ ನಮ್ಮ ಹೊಸ್ತಲಾ ತುಳೀಲಿಲ್ಲ.

ಒಂಬತ್ತನೇ ತಿಂಗಳಿಗೆ ಜವಳಾ ಮಾಡೂಣು ಅಂದ್ನಿ. ಅಣ್ಣನ್ನ ಕರಿಯಾಕ ಮನೀ ಹಿರಿಯಾರು ಹೋಗಬೇಕು, ಅದು ಪದ್ಧತಿ. ಮಾವಾರು, ಉಣ್ಣದ ಎದ್ದ ಹೋದಾಂವ ತಾನಾಗೇ ಬರಲಿ ಅಂದ್ರು. ಫೋನಿನ್ಯಾಗ ಅಣ್ಣಗ ಹೇಳಿದ್ರ ಅಂವ, ಕರದ್ರ ಬರತೇನಿ, ಕರೀದ ಬರಾಕ ನಾ ಏನ ಬೀದಿನಾಯೇನ ಅಂದ. ನನ್ನ ಗಂಡನ್ನ ಕೇಳಿದ್ರ, ನೋಡೂಣು. ಆ ಮನಷ್ಯಾನ ಬಾಯಾಗ ನೋಡೂಣು ಅನ್ನೂದು ಎಲ್ಲಾ ರೋಗಕ್ಕೂ ಒಂದ ಗುಳಿಗಿ ಇದ್ಧಂಗ. ಒಂಬತ್ತ ಹೋತು. ಹತ್ತ ಸರಿಸಂಖ್ಯಾ, ನಡಿಯೂದಿಲ್ಲ. ಉಳದದ್ದು ಹನ್ನೊಂದು. ಅದೂ ನಡುಬ್ಯಾಸಗ್ಯಾಗ ಬಂತು.

ಮಗನ ಕೂದಲ ಅಂದ್ರ ಕೂದಲ. ದಟ್ಟ, ಗುಂಗರ, ಕಿವಿ ಮುಚ್ಚಿ ಕುತ್ತಿಗಿಗೆ ಇಳದಿತ್ತು. ಓಣ್ಯಾಗಿನ ಹೆಣ್ಣಮಕ್ಕಳು ಜಡಿ ಹಾಕಿ ಹೂ ಮುಡಿಸಿ ಆಡಸಾವ್ರು. ಅದರ ಮ್ಯಾಲೆ ನಮ್ಮ ಅತ್ತಿ ದಿನಾ ಬೊಗಸಿ ಎಣ್ಣಿ ಸುರದು ತಿಕ್ಕಾವ್ರು. ಬೆಳಗಾವಿ ತಂಪ ಊರು ಅಂತಾರ, ಖರೇ, ಆದ್ರ ಆ ವರ್ಷದ ಸೆಕಿ ನಮ್ಮನ್ನೂ ಬಿಡಲಿಲ್ಲ. ಒಂದಿನಾ ಹಾಲ ಕುಡಸೂಮುಂದ ಅವನ ನೆತ್ತಿಮ್ಯಾಲೆ ನನ್ನ ಬೆರಳ ತಾಗಿತು, ಕೂಸು ಚಿಟ್ಟನ ಚೀರಿತು. ಕೂದಲ ಸರಿಸಿ ನೋಡಿದ್ರ ಕೆಂಪಗ ಒಂದ ಕುರ ಎದ್ದಿತ್ತು. ಬಾಜೂಕ ಇನ್ನೊಂದು.

ಸದಾಶಿವನಗರದಾಗಿನ ಮಕ್ಕಳ ಡಾಕ್ಟರಬಾಯಿ ಕಡೆ ಹೋದ್ವಿ. ಅವರು ಎಣ್ಣಿ ಬಂದ ಮಾಡ್ರಿ ಅಂದ್ರು, ಕುಡಿಯೂ ಔಷಧಾ ಬರದ್ರು, ಮುಲಾಮ ಕೊಟ್ರು. ಕೂದಲ ತಗಸದ ಮುಲಾಮ ಹಚ್ಚೂದು ದಂಡ, ಒಳಗ ಎಷ್ಟ ಅದಾವಂತ ನನಗೂ ಕಾಣವಲ್ಲದು, ಬ್ಲೇಡ ಬ್ಯಾಡ, ಮಶೀನ ಹಾಕಸ್ರಿ, ಬೇಗ ಮಾಡಸ್ರಿ ಅಂತ ಹೇಳಿದ್ರು. ಮನಿಗೆ ಬಂದ ಹಂಗಂಗ ಹೇಳಿದ್ನಿ. ಅತ್ತಿ, ಎಣ್ಣಿ ಕಾಣದ ತಲಿ ತಲೀನೇನ ಅಂತ ಮಾರಿ ಉಬ್ಬಿಸಿದ್ರು. ಮಾವಾರು ಕೂಸಿನ್ನ ಎತ್ತಕೊಂಡ ಹೊರಗ ಹೋದ್ರು.

ನೀವು ಕೇಳಬೌದು, ವಿಜ್ಞಾನ ಕಲಸಾಕಿ ಸೀದಾ ಸಲೂನಿಗೆ ಒಯ್ಯಾಕ ಏನಾಗಿತ್ತ ಅಂತ. ಎರಡ ಸಲ ಓಣಿ ತುದಿತನಾ ಹೋಗಿ ತಿರಿಗಿ ಬಂದೇನಿ. ಕೂದಲ ಮತ್ತ ಬರತಾವ. ಆದ್ರ ನನ್ನ ಮಗನ ಜವಳಾ ತನ್ನ ಬಿಟ್ಟ ಆತು ಅನ್ನೂದು ಅಣ್ಣನ ಕಿವಿಗೆ ಬಿತ್ತಂದ್ರ, ತೊಟ್ಲದ ದಿನದ ಬಾಗಲಾ ಕಾಯಂ ಮುಚ್ಚಿತು ಅಂತ ನನಗ ಗೊತ್ತಿತ್ತು. ಒಂದ ಕಡೆ ಕೂಸಿನ ತಲಿ, ಇನ್ನೊಂದ ಕಡೆ ಕೂಸಿನ ಮಾಮಾ. ನಾ ಎರಡೂ ಬಿಡಾಕಿ ಅಲ್ಲ.

ಮರುದಿನಾ ಬೆಳಿಗ್ಗೆ ಮಾವಾರ ಮುಂದ ನಿಂತ, ಖಾನಾಪುರಕ್ಕ ಹೊಂಟೇನ್ರಿ, ಅಣ್ಣನ ಮನ್ಯಾಗ ಜವಳಾ ಮುಗಿಸಿಕೊಂಡ ಬರತೇನಿ ಅಂದ್ನಿ. ಕದ್ದ ಹೋಗೂದು ನನಗ ಬರೂದಿಲ್ಲ. ಮಾವಾರು ಹೂಂ ಅನಲಿಲ್ಲ, ಊಹೂಂ ಅನಲಿಲ್ಲ. ಗಂಡ ಬಸ್‌ಸ್ಟ್ಯಾಂಡಿಗೆ ಬಿಟ್ಟ, ನೋಡಿಕೊಂಡ ಹೋಗ ಅಂದ. ಕಿಡಕಿ ಬಾಜೂಕ ಕುಂತ ಕೂಸು ದಾರಿ ತುಂಬ ನಕ್ಕೊಂತ ಬಂತು. ನನಗ ಗೆದ್ದಂಗ ಆಗಿತ್ತು.

ಅಣ್ಣಗ ಫೋನ ಮಾಡಿ ಹೇಳಿದ್ನಿ, ಹಿಂಗಾಗಿ ಅಂವ ಹೊಸಾ ಅಂಗಿ ಹಾಕ್ಕೊಂಡ ಬಾಗಲದಾಗ ನಿಂತಿದ್ದ. ವೈನಿ ಹೋಳಿಗಿ ಮಾಡಿದ್ಳು. ಅಂಗಳದಾಗ ಮಣಿ ಹಾಕಿ, ಆರತಿ ತಾಟ ಇಟ್ಟು, ಕಟಿಂಗ್ ಅಂಗಡಿಯಾಂವನ್ನೂ ಕರಿಸಿದ್ರು. ಅಣ್ಣ ಮಣಿಮ್ಯಾಲೆ ಕುಂತ ಎರಡೂ ಕೈ ಚಾಚಿದ. ನಾ ಕೂಸಿನ್ನ ಅವನ ತೊಡಿಮ್ಯಾಲೆ ಇಟ್ನಿ.

ಕೂಸು ಅವನ ಮಾರಿ ನೋಡಿತು. ಮೀಸಿ ನೋಡಿತು. ಹಿಂದಕ ಬಿಲ್ಲಿನಂಗ ಬಾಗಿ ಎಂಥಾ ಚೀರ ಚೀರಿತಂದ್ರ ಬಾಜೂಮನಿ ಮರಾಠಿ ಆಯಿ ಓಡಿ ಬಂದ್ಳು. ಅಣ್ಣ ಗಿಲಕಿ ಆಡಿಸಿದ, ಬಾಯಾಗ ಸಕ್ಕರಿ ಇಟ್ಟ, ಬಾಣಂತನದಾಗ ಹಾಡತಿದ್ದ ಜೋಗುಳಾ ಹಾಡಿದ. ಹಾಡಿದಷ್ಟೂ ಕೂಸು ನನ್ನ ಕಡೆ ಕೈ ಚಾಚಿ ಅಳತಿತ್ತು, ಉಸರ ಸಿಗದ ತುಟಿ ನೀಲಿ ಆದ್ವು. ಅಂಗಡಿಯಾಂವ ಮಶೀನ ಚೀಲದಾಗ ಇಟ್ಟು, ಕೂಸು ಅಂಜೇತಿ, ಇವತ್ತ ಬ್ಯಾಡ ಅಂತ ಮರಾಠ್ಯಾಗ ಹೇಳಿದ.

"ಅವಂಗ ನನ್ನ ಗುರುತೇ ಇಲ್ಲ, ತಂಗಿ," ಅಂದ ಅಣ್ಣ.

ಅಂವ ಅಂದ ರೀತಿಗೆ ನನಗ ಪಾಪ ಅನಿಸಿತು. ಅಷ್ಟ ಸಿಟ್ಟೂ ಬಂತು. ಗುರುತ ಎಲ್ಲಿಂದ ಬರಬೇಕು, ಎಂಟ ತಿಂಗಳ ಮಾರಿ ತೋರಸದ ಕುಂತರ ಕೂಸೇನ ನಿನ್ನ ಫೋಟೋ ನೋಡಿಕೊಂಡ ಇರಬೇಕಿತ್ತೇನ ಅಂತ ಅಂದಬಿಟ್ನಿ. ವೈನಿ ನನ್ನ ಕೈ ಹಿಡದು ಸುಮ್ಮ ಆಗ ಅಂದ್ಳು. ನನ್ನ ತೊಡಿಮ್ಯಾಲೆ ಕುಂದರಿಸಿ ತಗಸೂಣು ಅಂದ್ರ ಅಣ್ಣ ಒಪ್ಪಲಿಲ್ಲ, ಕೂಸಿಗೆ ಮಾಮಾ ಇರೂಮುಂದ ಅವ್ವ ಯಾಕ ಕುಂದರಬೇಕಂದ. ಆಮ್ಯಾಲೆ, ನಿನ್ನ ಬಿಟ್ರ ಅಂವ ಯಾರ ಕಡೆ ಅಳದ ಹೋಗತಾನಂತ ಕೇಳಿದ. ಇದ್ದದ್ದ ಇದ್ಧಂಗ ಹೇಳಿದ್ನಿ, ಅವರ ಅಜ್ಜನ ಕಡೆ ಅಂತ. ಅವನ ಕಣ್ಣಾಗ ನೀರ ಬಂತು. ಹೋಳಿಗಿ ತಾಟಿನ್ಯಾಗ ಉಳೀತು. ಕೂದಲ ಇದ್ಧಂಗ ಕೂಸಿನ್ನ ಎತ್ತಕೊಂಡ ಸಂಜೀ ಬಸ್ಸಿಗೆ ತಿರಿಗಿ ಬಂದ್ನಿ.

ಮಾವಾರು ಕಟ್ಟಿಮ್ಯಾಲೆ ಕುಂತಿದ್ರು. ಕೂಸಿನ ತಲಿ ನೋಡಿದ್ರು. ನಮ್ಮ ಮಾವಾರ ಬಗ್ಗೆ ಒಂದ ಮಾತ ಹೇಳಬೇಕು: ಸೆಡವಿನ ಮನಷ್ಯಾ ಖರೇ, ಆದ್ರ ನಾ ಸಾಲಿಗೆ ಹೋದಾಗ ನನ್ನ ಮಗನ್ನ ಹೆಗಲಮ್ಯಾಲೆ ಹಾಕ್ಕೊಂಡ ಓಣಿ ಓಣಿ ತಿರಗಾವ್ರು ಅವರ. ಅವರ ವಾಸನಿಗೆ ಕೂಸು ನಿದ್ದಿ ಮಾಡತಿತ್ತು. ನಾ ಏನೂ ಮುಚ್ಚಲಿಲ್ಲ. ಮಾಮಾನ ಗುರುತ ಹತ್ತಲಿಲ್ರಿ, ತೊಡಿಮ್ಯಾಲೆ ನಿಲ್ಲಲಿಲ್ಲ, ಅಣ್ಣ ಕಣ್ಣಾಗ ನೀರ ತಂದ ಅಂತ ಹೇಳಿದ್ನಿ. ಮಾವಾರು ಕೂಸಿನ್ನ ಇಸಕೊಂಡ್ರು. ಆ ರಾತ್ರಿ ಊಟಕ್ಕ ಅರ್ಧಾ ರೊಟ್ಟಿ ತಿಂದ ಎದ್ರು.

ಮರುದಿನಾ ಮುಂಜಾನೆ ನಾ ಅಂಗಳಕ್ಕ ನೀರ ಹೊಡೀತಿದ್ನಿ, ಗೇಟಿನ ಹೊರಗ ಅಣ್ಣನ ಗಾಡಿ ನಿಂತಿತು. ಯಾರೂ ಕರದಿರಲಿಲ್ಲ. ಚಪ್ಪಲಿ ಬಿಟ್ಟು ಒಳಗ ಬಂದ. ಮಾವಾರು ಕಟ್ಟಿಮ್ಯಾಲೆ ಕೂಸಿನ್ನ ತೊಡಿಮ್ಯಾಲೆ ಹಾಕ್ಕೊಂಡ ಕುಂತಿದ್ರು. ಅವರು ನೋಡಿದ್ರು, ಇಂವ ನೋಡಿದ. ನನ್ನ ಕೈಯಾಗಿನ ಕೊಡಾ ಕೈಯಾಗ ಉಳೀತು.

"ಕಾಕಾರ, ಕೂಸು ನಿಮ್ಮ ತೊಡಿಮ್ಯಾಲೆ ಇರಲಿ," ಅಂದ ಅಣ್ಣ. "ಕತ್ರಿ ಅಷ್ಟ ನಾ ಹಿಡೀತೇನಿ."

ಸ್ವಾದರಮಾವ ಇದ್ದೂ ತನ್ನ ತೊಡಿ ಬಿಟ್ಟಕೊಡೂದು ಸಣ್ಣ ಮಾತಲ್ಲ. ಅದು ಮಾವಾರಿಗೂ ತಿಳೀತು. ಅವರು ಸ್ವಲ್ಪ ಸರದು ಬಾಜೂಕ ಜಾಗಾ ಮಾಡಿ, ಕುಂದರ ಬಾ ಅಂದ್ರು. ಆಮ್ಯಾಲೆ ಒಳಗ ಮಾರಿ ಮಾಡಿ ನನ್ನ ಗಂಡಗ, ಅಂಗಡಿಯಾಂವನ್ನ ಕರಕೊಂಡ ಬಾರೋ ಅಂದ್ರು. ಅಂವ ಜಲ್ಮದಾಗ ಮೊದಲ ಸಲ ನೋಡೂಣು ಅನ್ನದ ಓಡಿದ.

ಶಾಸ್ತ್ರ ಕೆಡತೇತಿ ಅಂತ ಅತ್ತಿ ಸುಮ್ಮನ ಇರಲಿಲ್ಲ. ಅಜ್ಜನ ತೊಡಿಮ್ಯಾಲೆ ಜವಳಾ ಯಾ ಊರಾಗ ಕಂಡೀರಿ ಅಂದ್ರು. ಆದ್ರ ತೊಡಕ ಹಾಕಿದವರ ಬಿಡಿಸಿದ್ರು. ಕೂಸಿನ ಕಾಲ ಎರಡೂ ಎಳದು ಅಣ್ಣನ ತೊಡಿಮ್ಯಾಲೆ ಇಟ್ಟು, ಕಾಲಾದ್ರೂ ಮಾಮಾನ ತೊಡಿಮ್ಯಾಲೆ ಇರ್ಲಿ, ದೇವರು ಅಷ್ಟೇನ ಕಣ್ಣಿಟ್ಟ ನೋಡೂದಿಲ್ಲ ಅಂದ್ರು. ಕೂಸು ಮಾಮಾನ್ನ ಓರೆಗಣ್ಣಿಲೆ ನೋಡಿತು. ಬೆನ್ನಿಗೆ ಅಜ್ಜನ ಎದಿ ಇತ್ತು, ಹಿಂಗಾಗಿ ಅಳಲಿಲ್ಲ.

ಅಣ್ಣ ಮುಂದಿಂದೊಂದ ಎಳಿ ಕತ್ತರಿಸಿದ. ಆಮ್ಯಾಲೆ ಅಂಗಡಿಯಾಂವ ಮಶೀನ ಹಚ್ಚಿದ. ಹಣಿಮ್ಯಾಲಿನ ಗುಂಗರ ಇಳೀತು, ಕಿವಿ ಮ್ಯಾಲಿಂದ ಇಳೀತು. ಹಿಂದಿನ ಕಡೆ ಬಂದಾಂವ ಮಶೀನ ಬಂದ ಮಾಡಿ ನಿಂತಬಿಟ್ಟ. ನೆತ್ತಿಯಿಂದ ಕುತ್ತಿಗಿತನಾ ಬರೇ ಕುರ. ಒಂದೆರಡ ಒಡದು ಕೂದಲಕ್ಕ ಅಂಟಿ ಒಣಗಿದ್ವು, ಕೆಲವು ಇನ್ನೂ ಕೀವ ತುಂಬಿದ್ವು. ನಾ ದಿನಾ ಆ ತಲಿ ಎದಿಗೊತ್ತಿ ಹಾಲ ಕುಡಿಸಿದಾಕಿ, ನನಗೂ ಇಷ್ಟ ಅಂತ ಗೊತ್ತಿರಲಿಲ್ಲ. ಅತ್ತಿ ಸೆರಗ ಬಾಯಿಗೆ ಒತ್ತಕೊಂಡ್ರು.

ಮಾವಾರು ಆ ತಲಿ ನೋಡಿದ್ರು. ಆಮ್ಯಾಲೆ ಅಣ್ಣನ ಕಡೆ ತಿರಗದ ಅಂದ್ರು: "ನಮ್ಮಿಬ್ಬರ ಸೆಡವು ಇದರ ತಲಿಗೆ ಬಂತಲ್ಲೋ, ತಮ್ಮಾ."

ಅಣ್ಣ ಕೂಸಿನ ಕಾಲ ಎರಡೂ ಗಟ್ಟ್ಯಾಗಿ ಹಿಡಕೊಂಡ. ಇಬ್ಬರಿಗೂ ಅನ್ನಬೇಕಂತ ಎಷ್ಟೋ ತಿಂಗಳಿಂದ ನನ್ನ ನಾಲಿಗಿ ತುದಿಮ್ಯಾಲೆ ಮಾತ ಕುಂತಿದ್ವು. ಎಲ್ಲಾ ಖರೇ ಮಾತ, ಎಲ್ಲಾ ಚೂಪ ಮಾತ. ಒಂದೂ ಆಡಲಿಲ್ಲ. ಒಳಗ ಹೋಗಿ ಮುಲಾಮ ತಂದ್ನಿ.

ತಲಿ ಹಿಡೀರಿ, ಅಲಗ್ಯಾಡಿದ್ರ ನೋವಾಗತೇತಿ ಅಂದ್ನಿ. ಮಾವಾರು ಹಣಿ ಹಿಡದ್ರು, ಅಣ್ಣ ಗದ್ದಾ ಹಿಡದ. ನಾ ಹಚ್ಚಾಕ ಚಾಲೂ ಮಾಡಿದ್ನಿ.