ಅತ್ತಿಗೆಯ ಹಲ್ಲು, ಅಣ್ಣನ ಕೆಮ್ಮು

ನಮ್ಮ ಕೆನಡಾದಲ್ಲಿ ಮನುಷ್ಯನ ದೇಹ ಎರಡು ಪಾಲು. ಕರುಳು, ಮೂಳೆ, ಹೆರಿಗೆ, ಏನಿದ್ದರೂ ಸರ್ಕಾರದ ಆರೋಗ್ಯ ಕಾರ್ಡು ತೋರಿಸಿದರೆ ಸಾಕು, ಆಸ್ಪತ್ರೆಯಲ್ಲಿ ಬಿಡಿಗಾಸು ಕೇಳುವುದಿಲ್ಲ. ಹಲ್ಲು ಮಾತ್ರ ಅವರವರ ಹಣೆಬರಹ. ಹೀಗೆ ಗೆರೆ ಎಳೆದ ಪುಣ್ಯಾತ್ಮನಿಗೆ ಹಲ್ಲುನೋವು ಅಂದರೇನೆಂದು ಗೊತ್ತಿರಲಿಕ್ಕಿಲ್ಲ. ನನ್ನ ಅತ್ತಿಗೆ ಡೆಲಿಮಾಳ ಕಥೆ ನೆನೆದಾಗಲೆಲ್ಲ ಅವನನ್ನು ಬೈದುಕೊಳ್ಳುತ್ತೇನೆ.

ಡೆಲಿಮಾ ನಮ್ಮ ಲಾಮೆಕ್ ದ್ವೀಪಕ್ಕೆ ಸೊಸೆಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು. ಆಗ ನಮ್ಮ ಕಡೆ ಒಂದು ಪದ್ಧತಿ ಇತ್ತು. ಮದುವೆಗೆ ಮುಂಚೆ ಅಪ್ಪ ಮಗಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಇದ್ದ ಹಲ್ಲನ್ನೆಲ್ಲ ಕೀಳಿಸಿ, ಕೃತಕ ಹಲ್ಲಿನ ಸೆಟ್ಟು ಹಾಕಿಸುತ್ತಿದ್ದ. ಮುಂದೆ ಅಳಿಯನಿಗೆ ಹಲ್ಲಿನ ಖರ್ಚು ಬೀಳಬಾರದಲ್ಲ, ಅದಕ್ಕೆ. ಮದುವೆಯ ಉಡುಗೊರೆ ಅಂದರೆ ಅದೇ. ಅತ್ತಿಗೆಯ ಹಲ್ಲು ಮುಕ್ಕಾಲು ಪಾಲು ಗಟ್ಟಿಯಾಗಿಯೇ ಇದ್ದವಂತೆ. ಆದರೂ ಕೀಳಿಸಿದರು.

ಅಲ್ಲಿಂದ ಮುಂದೆ ಸೆಟ್ಟು ಇಲ್ಲದ ಅವಳ ಬಾಯನ್ನು ಕಂಡವರಿಲ್ಲ. ಮಲಗುವಾಗಲೂ ತೆಗೆಯುತ್ತಿರಲಿಲ್ಲ. ತೊಳೆಯುವುದಿದ್ದರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುವಳು. ಏಡಿ ಕಾರ್ಖಾನೆಯಲ್ಲಿ ನಾವಿಬ್ಬರೂ ಒಂದೇ ಮೇಜಿನಲ್ಲಿ ಏಡಿಕಾಲು ಒಡೆಯುತ್ತಿದ್ದೆವು. ನಗು ಬಂದರೆ ಕೈಗವಸಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದುಕೊಳ್ಳುವಳು, ನಾತ ಬಂದರೂ ಸರಿಯೇ. ಕಟ್ಟಿಕೊಂಡ ಗಂಡನೂ ತನ್ನನ್ನು ಹಾಗೆ ನೋಡಿಲ್ಲ ಅಂತ ಒಂದು ಸಲ ನನ್ನ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಿದ್ದಳು.

ಆ ಗಂಡ ಅಂದರೆ ನನ್ನ ಅಣ್ಣ ಆಲ್ಫೆ. ಮೀನು ಹಿಡಿಯುವ ದೋಣಿಯಲ್ಲಿ ದುಡಿದವನು, ಮಾತು ಕಮ್ಮಿ. ಮನೆಯಲ್ಲಿದ್ದರೆ ಕೆಮ್ಮುತ್ತಲೇ ಓಡಾಡುವ ಆಸಾಮಿ. ಕಡಲಿನ ಚಳಿ ಎದೆಗೆ ಹೊಕ್ಕಿದೆ ಅಂತ ನಮಗೆಲ್ಲ ಚಿಂತೆ. ಡಾಕ್ಟರಿಗೆ ತೋರಿಸು, ದುಡ್ಡೇನೂ ಕೇಳುವುದಿಲ್ಲ ಅಂತ ಬೈದು ಬೈದು ನನ್ನ ಗಂಟಲು ಒಣಗಿತ್ತು. ಅವನು ಒಂದು ದಿನವೂ ಹೋಗಲಿಲ್ಲ.

ಅರವತ್ತು ದಾಟಿದ ಮೇಲೆ ಅತ್ತಿಗೆಯ ಸೊಂಟ ಕೈಕೊಟ್ಟಿತು. ವರ್ಷ ಕಾದ ಮೇಲೆ ಆಸ್ಪತ್ರೆಯಿಂದ ಕರೆ ಬಂತು. ಉಕ್ಕಿನ ಕೀಲು ಕೂರಿಸಿದರು, ಎಲ್ಲ ಪುಕ್ಕಟೆ, ಬಲು ಅಚ್ಚುಕಟ್ಟಾದ ಕೆಲಸ. ಆಪರೇಷನ್‌ಗೆ ಮುಂಚೆ, ಅಣ್ಣನನ್ನು ಆಚೆ ಕಳಿಸಿದ ಮೇಲೆ, ನರ್ಸು ಸೆಟ್ಟನ್ನು ತೆಗೆಸಿ ಕಾಗದದ ಲೋಟದಲ್ಲಿಟ್ಟಿದ್ದಳು. ಅತ್ತಿಗೆಗೆ ಎಚ್ಚರವಾದಾಗ ಲೋಟ ಇರಲಿಲ್ಲ. ಯಾರೋ ಊಟದ ತಟ್ಟೆಯ ಜೊತೆ ಎತ್ತಿ ಕಸಕ್ಕೆ ಹಾಕಿದ್ದರು. ನರ್ಸು ಪಾಪ, ಅಳುವಂತಾಗಿದ್ದಳು. ಆದರೆ ಹೊಸ ಹಲ್ಲು ಆಸ್ಪತ್ರೆಯ ಜವಾಬ್ದಾರಿಯೂ ಅಲ್ಲ, ಕಾರ್ಡಿಗೂ ಸೇರುವುದಿಲ್ಲ. ನಾವೇ ಮಾಡಿಸಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ.

ಅತ್ತಿಗೆ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು. ನಡೆಸಲು ಬಂದ ಹುಡುಗಿಯನ್ನು ವಾಪಸು ಕಳಿಸಿದಳು. ಹಾಸಿಗೆ ಬಿಟ್ಟು ಏಳದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಅದು ಎದೆಗೆ ಏರಿದರೆ ಜೀವಕ್ಕೇ ಅಪಾಯ ಅಂತ ಡಾಕ್ಟರು ಹೇಳಿದ್ದೂ ಆಯಿತು. ಅವಳು ಮಿಸುಕಲಿಲ್ಲ. ಹಾಸಿಗೆಯ ಸುತ್ತ ಎಳೆಸಿಕೊಂಡಿದ್ದ ಪರದೆಯೊಳಗೆ ಬಿಟ್ಟುಕೊಂಡದ್ದು ನನ್ನೊಬ್ಬಳನ್ನೇ.

"ಅವ್ರು ಈ ಮುಖ ನೋಡೋದು ಬೇಡ ಕಣೆ. ಸತ್ರೂ ಪರ್ವಾಗಿಲ್ಲ" ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಹಲ್ಲಿಗೋಸ್ಕರ ಸಾಯುವವರನ್ನು ಎಲ್ಲಿಯೂ ಕಂಡಿಲ್ಲ ಅಂತ ಚೆನ್ನಾಗಿ ಬೈದೆ. ಆಮೇಲೆ ಹೊದಿಕೆಯ ಮೇಲೆ ಕಾಣುತ್ತಿದ್ದ ಅವಳ ಕಣ್ಣು ನೋಡಿ, ಅಣ್ಣನಿಗೆ ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಬಾಯಿ ಮುಚ್ಚಿಕೊಂಡು ಬದುಕಿದ ಹೆಂಗಸು ಅವಳು. ಅವಳಿಗೆ ಅದು ಬರೀ ಹಲ್ಲಲ್ಲ.

ಅಣ್ಣ ದಿನವೂ ಫ್ರಿಕೊ ತರುತ್ತಿದ್ದ, ಕೋಳಿ, ಆಲೂಗಡ್ಡೆ ಹಾಕಿದ ನಮ್ಮ ಸಾರು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಲಿಫ್ಟಿನ ಪಕ್ಕದ ಕುರ್ಚಿಯಲ್ಲಿ ಟೋಪಿ ಹಿಡಿದುಕೊಂಡು ಕೂರುವನು. ಮೂರನೆಯ ದಿನ ನನ್ನಿಂದ ತಡೆಯಲಾಗಲಿಲ್ಲ. ಅತ್ತಿಗೆಗೆ ಕೊಟ್ಟ ಮಾತು ಮುರಿದು ಎಲ್ಲವನ್ನೂ ಹೇಳಿಬಿಟ್ಟೆ. ಅವನು ಡಬ್ಬಿಯನ್ನು ವಾಪಸು ಇಸಿದುಕೊಂಡು ಎದ್ದ. ಪರದೆಯ ಹತ್ತಿರ ಹೋಗಿ ನಿಂತ, ಮನೆಯಲ್ಲಿ ಕೆಮ್ಮುವ ಹಾಗೆಯೇ ಎರಡು ಸಲ ಕೆಮ್ಮಿದ.

"ಒಳಗೆ ಬರ್ಬೇಡಿ" ಅಂದಳು ಅತ್ತಿಗೆ.

"ಬರಲ್ಲ. ಇಲ್ಲಿಂದ್ಲೇ ಹೇಳ್ತೀನಿ" ಅಂದ ಅಣ್ಣ. "ದೊಡ್ಡವನು ಹುಟ್ದಾಗ ನಿಂಗೆ ಮತ್ತು ಬರ್ಸಿದ್ರಲ್ಲ, ಆವಾಗ ಆಸ್ಪತ್ರೇಲಿ ನರ್ಸಾಗಿದ್ದ ಚರ್ಚಿನ ಸನ್ಯಾಸಿನಿ ನಿನ್ ಹಲ್ಲನ್ನ ನನ್ ಕರ್ಚೀಫಲ್ಲಿ ಕಟ್ಟಿ ಕೊಟ್ಟಿದ್ರು. ಬೆಳಗಾಗೋವರ್ಗೂ ಅಂಗಿ ಜೇಬಲ್ಲೇ ಇಟ್ಕೊಂಡಿದ್ದೆ. ನಿಂಗೆ ಎಚ್ರ ಆಗೋಕ್ಮುಂಚೆ ಹಾಕ್ಬಿಡಿ, ಹೇಳ್ಬೇಡಿ ಅಂತ ಕೈಮುಗ್ದೆ. ಮಿಕ್ಕ ಮಕ್ಳು ಹುಟ್ದಾಗ್ಲೂ ಹಂಗೇ."

ಅಣ್ಣ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ಈ ಸಲಾನೂ ಕೇಳ್ದೆ ಕಣೇ. ನೀವು ಹೋಗಿ ಅಜ್ಜ, ಎಲ್ಲ ನಾವೇ ನೋಡ್ಕೋತೀವಿ ಅಂದ್ರು. ನನ್ ಕೈಗೆ ಕೊಟ್ಟಿದ್ರೆ ಕಳೀತಿರ್ಲಿಲ್ಲ."

ಪರದೆಯೊಳಗಿಂದ ಅತ್ತಿಗೆಯ ಸಣ್ಣ ದನಿ ಬಂತು. "ಹಾಗಾದ್ರೆ ನೋಡಿದೀರಾ, ನನ್ ಮುಖಾನ?"

"ನೋಡ್ದೆ. ಮಗೂ ಥರ ಮಲ್ಗಿದ್ದೆ."

"ಇಷ್ಟು ವರ್ಷ ಹೇಳ್ಲೇ ಇಲ್ವಲ್ಲ."

"ಯಾರೂ ನೋಡ್ಬಾರ್ದು ಅಂತ ನಿಂಗಿತ್ತಲ್ಲ. ಅದಕ್ಕೇ ಬಚ್ಚಲ ಹತ್ರ ಬರೋವಾಗ್ಲೆಲ್ಲ ಕೆಮ್ತಿದ್ದೆ."

ದೋಣಿಯಲ್ಲಾಗಲಿ ಚರ್ಚಿನಲ್ಲಾಗಲಿ ಅವನು ಕೆಮ್ಮಿದ್ದು ನಾನು ಕೇಳಿಯೇ ಇರಲಿಲ್ಲ. ಅವನ ಎದೆಗೆ ಏನೂ ಆಗಿರಲಿಲ್ಲ. ಒಡಹುಟ್ಟಿದವಳಾದರೂ ನನಗೆ ಅದು ಹೊಳೆದಿರಲಿಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಹೋಗಲಿಲ್ಲ.

"ಬನ್ನಿ ಒಳಗೆ. ಸಾರು ಆರೋಗತ್ತೆ" ಅಂದಳು ಅತ್ತಿಗೆ.

ಅಣ್ಣ ಆಲೂಗಡ್ಡೆಯನ್ನು ಚಮಚದಲ್ಲಿ ನುಣ್ಣಗೆ ಹಿಸುಕಿ ಕೊಟ್ಟ. ಮಧ್ಯಾಹ್ನ ಅವಳು ಅವನ ತೋಳು ಹಿಡಿದು ವರಾಂಡದ ಕೊನೆಯವರೆಗೂ ನಡೆದಳು. ನಡೆಸುವ ಹುಡುಗಿ ಏನೋ ತಮಾಷೆ ಮಾಡಿದಾಗ ಬೊಚ್ಚು ಬಾಯಲ್ಲೇ ನಕ್ಕಳು, ಕೈ ಅಡ್ಡ ಬರಲಿಲ್ಲ.

ಹೊಸ ಸೆಟ್ಟು ಕೈಗೆ ಬರುವಾಗ ಆ ವರ್ಷದ ಏಡಿ ಹಿಡಿಯುವ ಸೀಸನ್ನೇ ಮುಗಿದಿತ್ತು. ಬಚ್ಚಲ ಬಾಗಿಲಲ್ಲಿ ಅಣ್ಣ ಈಗಲೂ ಕೆಮ್ಮುತ್ತಾನೆ, ಅಭ್ಯಾಸ ಬಿಡಲಾಗದು. ಚಿಲಕ ಮಾತ್ರ ಹಾಕಿರುವುದಿಲ್ಲ.