ಮಹಡಿ ಮನೆಯ ನೀಲಿ ಹೂವಿನ ತಟ್ಟೆಗಳು

ಪಿಂಗಾಣಿ ತಟ್ಟೆಯಲ್ಲಿ ಯಾರಾದರೂ ಬೀದಿಗೆಲ್ಲ ತಿಂಡಿ ಹಂಚುತ್ತಾರಾ? ನಮ್ಮ ಮಹಡಿ ಮನೆಯ ನಾರ್ವೆ ಹೆಂಗಸು ಹಂಚಿದಳು. ಬಿಳಿ ತಟ್ಟೆ, ಅಂಚಿಗೆ ನೀಲಿ ಹೂವು, ಬೆರಳಲ್ಲಿ ತಟ್ಟಿದರೆ ಠಣ್ ಅನ್ನುವಂಥದ್ದು. ನನಗಾದರೆ ಅಂಥದ್ದನ್ನು ಶೋಕೇಸಿನಿಂದ ಇಳಿಸಲೂ ಧೈರ್ಯ ಬರುತ್ತಿರಲಿಲ್ಲ.

ಭದ್ರಾವತಿಯ ಜನ್ನಾಪುರದಲ್ಲಿ ನಮ್ಮದು ಕೆಳಗೊಂದು, ಮೇಲೊಂದು ಮನೆ. ಕೆಳಗೆ ನಾನು ಮತ್ತು ಕಾರ್ಖಾನೆಯಲ್ಲಿ ಶಿಫ್ಟ್ ಮಾಡುತ್ತಿದ್ದ ನಮ್ಮ ಯಜಮಾನರು. ಮೇಲೆ ಆ ವರ್ಷದ ಮಳೆಗಾಲದಲ್ಲಿ ಬಾಡಿಗೆಗೆ ಬಂದವರು ನಾರ್ವೆಯ ಮಿಷನರಿ ಗಂಡ ಹೆಂಡತಿ, ಅವರ ಒಬ್ಬ ಮಗಳು, ಒಬ್ಬ ಮಗ. ಆ ಗಂಡ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಚರ್ಚಿನ ಹಾಸ್ಟೆಲ್ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ತೆಂಗಿನ ಮರದಂಥ ಆಳು, ನಮ್ಮ ಮಹಡಿ ಬಾಗಿಲಿಗೆ ತಲೆ ಹೊಡೆಸಿಕೊಳ್ಳದ ದಿನವಿಲ್ಲ. ಹೆಂಡತಿ ಯಾರೋ ಪಂಡಿತರ ಹತ್ತಿರ ಕನ್ನಡ ಕಲಿತಿದ್ದಳು. "ತಾವು ನೀರನ್ನು ತುಂಬಿಸಿಕೊಂಡಿರಾ?" ಎಂದು ನಲ್ಲಿಯ ಹತ್ತಿರ ಕೇಳಿದರೆ ನಾನು ಕೊಡ ಕೆಳಗಿಟ್ಟು ನಗುತ್ತಿದ್ದೆ. ಅವಳೂ ನಗುತ್ತಿದ್ದಳು. ಹಾಗೇ ಸ್ನೇಹವಾಯಿತು.

ಡಿಸೆಂಬರ್ ಅರ್ಧ ಕಳೆಯುವ ಹೊತ್ತಿಗೆ ಮಹಡಿಯಿಂದ ಬೆಣ್ಣೆ, ಏಲಕ್ಕಿಯ ಘಮ ಇಳಿಯತೊಡಗಿತು. ಅವರ ಕಡೆ ಕ್ರಿಸ್‌ಮಸ್‌ಗೆ ಏಳು ಬಗೆಯ ಬಿಸ್ಕತ್ತು ಮಾಡಲೇಬೇಕಂತೆ. ಅದಕ್ಕೆ ಏಲಕ್ಕಿ ಬೇರೆ! ಆ ಹಿಮದ ದೇಶದವರೆಗೂ ಏಲಕ್ಕಿ ಹೋಗಿದೆಯಲ್ಲ ಎಂದು ನನಗೆ, ನಾನೇ ಬೆಳೆದು ಕಳಿಸಿದವಳ ಹಾಗೆ, ಜಂಬ. ಬಿಸ್ಕತ್ತುಗಳನ್ನು ಆ ತಟ್ಟೆಗಳಲ್ಲಿ ಜೋಡಿಸಿ, ಕಸೂತಿ ಬಟ್ಟೆ ಮುಚ್ಚಿ, ಮಕ್ಕಳ ಜೊತೆ ಬೀದಿಯ ಮನೆ ಮನೆಗೂ ಕೊಟ್ಟುಬಂದಳು. ಎಲ್ಲರೂ ಚಪ್ಪರಿಸಿಕೊಂಡು ತಿಂದರು. ತಟ್ಟೆ ಮಾತ್ರ ಒಂದೂ ವಾಪಸ್ ಹೋಗಲಿಲ್ಲ.

ಹೋಗುವುದಾದರೂ ಹೇಗೆ? ತಿಂಡಿ ಬಂದ ತಟ್ಟೆಯನ್ನು ಬರಿದಾಗಿ ಕಳಿಸುವ ಹೆಂಗಸು ನಮ್ಮ ಬೀದಿಯಲ್ಲಿ ಇರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುವುದು ರೂಢಿ. ಆದರೆ ಅಷ್ಟು ಚೆಂದದ ತಟ್ಟೆಗೆ ಬರೀ ಸಕ್ಕರೆ ಹಾಕಲು ಮನಸ್ಸು ಬರಬೇಕಲ್ಲ! ಸಂಕ್ರಾಂತಿಗೆ ಎಳ್ಳು ಬೆಲ್ಲ, ಸಕ್ಕರೆ ಅಚ್ಚು ತುಂಬಿ ಕೊಡೋಣ ಎಂದು ನಾನು ತಟ್ಟೆ ತೊಳೆದು ಜೋಪಾನವಾಗಿ ಅಕ್ಕಿ ಡಬ್ಬದ ಮೇಲಿಟ್ಟೆ. ಎದುರು ಮನೆಯ ಲಾರಿ ಮೆಕ್ಯಾನಿಕ್ಕಿನ ಹೆಂಡತಿಗೆ ಆಗ ಉಪವಾಸದ ತಿಂಗಳು. ರಂಜಾನ್ ಹಬ್ಬದ ಅಡುಗೆಯ ಜೊತೆ ಕೊಟ್ಟರಾಯಿತು ಅಂತ ಅವಳು. ಪಕ್ಕದ ಮನೆಯ ತಮಿಳು ಅಕ್ಕ ಪೊಂಗಲ್‌ಗೆ ಕಾಯುತ್ತಿದ್ದಳು. ನಮ್ಮ ನಮ್ಮ ಲೆಕ್ಕದಲ್ಲಿ ಎಲ್ಲವೂ ಸರಿಯಾಗೇ ಇತ್ತು. ಅದನ್ನು ಮಹಡಿಯವಳಿಗೆ ಹೇಳಬೇಕು ಅಂತ ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ.

ಡಿಸೆಂಬರ್ ಇಪ್ಪತ್ನಾಲ್ಕರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ಅವಳು ಕೆಳಗಿಳಿದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಬೀದಿಯವರು ನಮ್ಮ ಮೇಲೆ ಕೋಪಗೊಂಡಿದ್ದಾರೆಯೇ?"

"ಯಾಕ್ರೀ? ಯಾರು ಏನಂದ್ರು?"

"ಯಾರೂ ಏನೂ ಹೇಳಲಿಲ್ಲ. ಯಾರೂ ಬರಲೂ ಇಲ್ಲ."

ಅವರ ಊರಿನಲ್ಲಿ ತಿಂಡಿಯ ತಟ್ಟೆಯನ್ನು ಮಾರನೇ ದಿನವೇ ತೊಳೆದು ತಂದುಕೊಟ್ಟು, ಕೂತು ಕಾಫಿ ಕುಡಿದು ಹೋಗುತ್ತಾರಂತೆ. ಆ ಕಾಫಿಗೆ ಜನ ಬರಲಿ ಅಂತಲೇ ಅವಳು ಅಮ್ಮ ಕೊಟ್ಟ ತಟ್ಟೆಗಳನ್ನು ಹಂಚಿದ್ದು. ದಿನಾ ಕಾಫಿ ಕಾಸಿಟ್ಟುಕೊಂಡು ಕೂತಿದ್ದಾಳೆ. ಅವರಿಗೆ ಇಪ್ಪತ್ನಾಲ್ಕರ ಸಂಜೆಯೇ ದೊಡ್ಡ ಹಬ್ಬ. ಊರಲ್ಲಾದರೆ ಅಜ್ಜ ಅಜ್ಜಿ, ಅಣ್ಣ ತಮ್ಮಂದಿರು, ನೆರೆಯವರು ಎಲ್ಲ ಸೇರಿ ಕೈ ಕೈ ಹಿಡಿದು ಕ್ರಿಸ್‌ಮಸ್ ಮರದ ಸುತ್ತ ಹಾಡುತ್ತಾ ತಿರುಗುತ್ತಾರೆ. ಇಲ್ಲಿ ಚರ್ಚಿನವರೆಲ್ಲ ಆ ಸಂಜೆ ಶಿವಮೊಗ್ಗದಲ್ಲಿ ಮನೆ ಮನೆಗೆ ಹಾಡಲು ಹೊರಟಿದ್ದರು. ಉಳಿದವರು ಇವರು ನಾಲ್ಕೇ ಜನ. ಮರವೋ, ಅವಳ ಗಂಡ ಬಸ್ಸಿನ ಟಾಪ್ ಮೇಲೆ ಕಟ್ಟಿಸಿಕೊಂಡು ತಂದ ದೈತ್ಯ ಗಾಳಿ ಮರದ ಕೊಂಬೆ.

"ನಾಲ್ವರಿಗೆ ಮರವನ್ನು ಸುತ್ತುವರಿಯಲು ಆಗುವುದಿಲ್ಲ," ಎಂದಳು. "ನಡುನಡುವೆ ಕುರ್ಚಿಗಳನ್ನು ಇರಿಸೋಣ ಎನ್ನುತ್ತಾಳೆ ಮಗಳು."

ನಗುತ್ತಲೇ ಹೇಳಿದಳು. ಅರ್ಧಕ್ಕೆ ಮುಖ ಆ ಕಡೆ ತಿರುಗಿಸಿದಳು. ನನಗೆ ಅಯ್ಯೋ ಅನ್ನಿಸಿತು, ಹಿಂದೆಯೇ ಸಿಟ್ಟೂ ಬಂತು. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ.

"ಬಾಯಿ ಬಿಟ್ಟು ಕೇಳ್ಬಾರ್ದಾ ಮಾರಾಯ್ತಿ!" ಎಂದು ಗದರಿಸಿ, ಅಕ್ಕಿ ಡಬ್ಬದ ಮೇಲಿದ್ದ ತಟ್ಟೆ ತೋರಿಸಿ, ಇರುವ ವಿಷಯ ಹೇಳಿದೆ. ಅವಳು ಕಣ್ಣರಳಿಸಿಕೊಂಡು ಕೇಳಿದಳು.

"ಹಾಗಾದರೆ ತಟ್ಟೆಗಳು ಹಬ್ಬಕ್ಕಾಗಿ ಕಾಯುತ್ತಿವೆಯೇ?"

"ಹೂಂ. ಒಂದೊಂದು ಒಂದೊಂದು ಹಬ್ಬಕ್ಕೆ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ನನ್ನ ದೋಸೆ ಸೀದುಹೋಯಿತು. ರಾತ್ರಿ ಪಾಳಿ ಮುಗಿಸಿ ಬಂದು ಹಲ್ಲುಜ್ಜುತ್ತಿದ್ದ ಯಜಮಾನರು ಹಿತ್ತಲಿಂದಲೇ ಕೂಗಿದರು: "ನಿಮ್ಮ ಹಬ್ಬ ಬರೋವರ್ಗೂ ಅವ್ರ ಹಬ್ಬ ನಿಂತ್ಕೊಂಡು ಕಾಯುತ್ತೇನೇ?"

ಅವಳು ಮೇಲೆ ಹೋದ ಮೇಲೆ ನಾನು ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದೆ. ಮೆಕ್ಯಾನಿಕ್ಕಿನ ಹೆಂಡತಿ ಎದೆ ಮೇಲೆ ಕೈಯಿಟ್ಟುಕೊಂಡಳು. "ಯಾ ಅಲ್ಲಾ! ಈದ್‌ಗೆ ಅಂತ ಇಟ್ಟಿದ್ದೆ ನಾನು."

"ಈದ್‌ಗೆ ಇನ್ನೊಂದ್ಸಲ ಕೊಡಿ. ಇವತ್ತು ಸಂಜೆ ತಟ್ಟೆ ತಗೊಂಡು ಮೇಲೆ ಬನ್ನಿ."

"ರೋಜಾ ಬಿಟ್ಟ ತಕ್ಷಣ ಬರ್ತೀನಿ," ಎಂದಳು.

ತಮಿಳು ಅಕ್ಕ ಮಾತ್ರ ಪೊಂಗಲ್ ಬಿಟ್ಟು ಬೇರೇನು ಕೊಡುವುದು ಎಂದು ಮುಖ ದಪ್ಪ ಮಾಡಿದಳು. ನಿಮ್ಮ ವಡೆ ತಿಂದವರು ಪೊಂಗಲ್ ಕೇಳಲ್ಲ ಎಂದು ಪೂಸಿ ಹೊಡೆದೆ. ಒಪ್ಪಿದಳು. ಅವತ್ತು ಮಧ್ಯಾಹ್ನ ನಮ್ಮ ಬೀದಿಯಲ್ಲಿ ಎಣ್ಣೆ ಬಾಣಲೆ ಇಡದ ಮನೆಯಿಲ್ಲ. ನಾನು ರವೆ ಉಂಡೆ ಕಟ್ಟಿದೆ.

ಮಸೀದಿಯ ಬಾಂಗ್ ಆಗಿ ಸ್ವಲ್ಪ ಹೊತ್ತಿಗೆ ನಮ್ಮ ಮೆಟ್ಟಿಲ ತುಂಬ ಜನ, ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ನೀಲಿ ಹೂವಿನ ತಟ್ಟೆ. ಬಾಗಿಲು ತೆರೆಯಲು ಓಡಿಬಂದ ಆ ಎತ್ತರದ ಮನುಷ್ಯ ಎಂದಿನಂತೆ ತಲೆ ಹೊಡೆಸಿಕೊಂಡರು. ಹಿಂದೆ ಬಂದ ಹೆಂಡತಿಗೆ ಪಂಡಿತರ ಕನ್ನಡವೆಲ್ಲ ಮರೆತುಹೋಗಿ, "ಬನ್ನಿ, ಬನ್ನಿ, ಬನ್ನಿ," ಅಷ್ಟೇ. ಮೇಜಿನ ಮೇಲೆ ಸಮೋಸ, ವಡೆ, ಚಕ್ಕುಲಿ ತುಂಬಿ ತಟ್ಟೆಯ ಹೂವೇ ಕಾಣುತ್ತಿರಲಿಲ್ಲ.

ಮರವನ್ನು ಹೊರಗೆ ತಾರಸಿಯ ಮೇಲೆ ನೀರಿನ ಡ್ರಮ್ಮಿನಲ್ಲಿ ನಿಲ್ಲಿಸಿದ್ದರು. ಸಕ್ರೆಬೈಲಿನ ಆನೆ ಬಿಡಾರ ನೋಡಿ ಬಂದ ಮೇಲೆ ಮಕ್ಕಳು ಕತ್ತರಿಸಿದ ಕಾಗದದ ಆನೆಗಳು ಅದರ ತುಂಬ ನೇತಾಡುತ್ತಿದ್ದವು. ಸುತ್ತಲೂ ಅಲ್ಲಲ್ಲಿ ಕುರ್ಚಿಗಳು. ಒಬ್ಬೊಬ್ಬರೇ ಕೈ ಹಿಡಿದು ನಿಂತ ಹಾಗೆ ಹುಡುಗ ಒಂದೊಂದೇ ಕುರ್ಚಿ ಎಳೆದು ಪಕ್ಕಕ್ಕಿಟ್ಟ. ಅವರ ಭಾಷೆಯ ಹಾಡು ನಮಗೆ ಯಾರಿಗೂ ಬರದು. ತಮಿಳು ಅಕ್ಕ ಮಾತ್ರ ಎಲ್ಲ ಬರುವವಳ ಹಾಗೆ ಜೋರಾಗಿ ರಾಗ ಎಳೆದಳು. ನಮ್ಮ ಯಜಮಾನರು ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿ ಮೆಕ್ಯಾನಿಕ್ಕಿಗೆ ಡಿಕ್ಕಿ ಹೊಡೆದರು.

ಊರನ್ನೆಲ್ಲ ಎಬ್ಬಿಸಿ ತಂದ ನಾನೇ ನಾಚಿಕೆಯಾಗಿ ಉಂಡೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತುಬಿಟ್ಟಿದ್ದೆ. ಒಂದು ಹಾಡು ಮುಗಿದು ಸುತ್ತು ನಿಂತಾಗ ತಾಯಿಗೂ ಮಗಳಿಗೂ ನಡುವೆ ಇನ್ನೊಂದು ಕುರ್ಚಿ ಉಳಿದಿತ್ತು. ಹುಡುಗಿ ನನ್ನನ್ನು ನೋಡಿದಳು, ಕುರ್ಚಿಯನ್ನು ಗರಗರ ಎಳೆದು ಗೋಡೆಗೆ ಸೇರಿಸಿದಳು.

"ಆಂಟಿ, ನಿಮ್ಮ ಜಾಗ ಇಲ್ಲಿದೆ," ಎಂದು ಕೈ ಚಾಚಿದಳು. ಅದು ಪಂಡಿತರ ಕನ್ನಡವಲ್ಲ, ನಮ್ಮ ಬೀದಿಯದು.

ತಟ್ಟೆಯನ್ನು ಆ ಕುರ್ಚಿಯ ಮೇಲಿಟ್ಟು ಹೋಗಿ ಇಬ್ಬರ ಕೈಯನ್ನೂ ಹಿಡಿದುಕೊಂಡೆ.