ಹಗಲ ಹೊತ್ತಿನಲ್ಲಿ ಬಂದ ಆಯಿ

ಮೊನ್ನೆ ಚಿಕ್ಕೋಡಿಯ ಡಂಕದ ಅಂಗಡಿಯ ಮುಂದೆ ನಿಂತಾಗ ಮೂಗಿಗೆ ಮೊದಲು ಬಡಿದದ್ದು ಹುರಿದ ಖೊಬ್ಬರಿಯ ವಾಸನೆ. ಅದರ ಬೆನ್ನಿಗೇ ಮೆಣಸಿನಕಾಯಿಯ ಘಾಟು. ಡಂಕ ಅಂದರೆ ಖಾರ ಕುಟ್ಟುವ ಯಂತ್ರ. ಬೇಸಿಗೆ ಬಂತೆಂದರೆ ನಮ್ಮ ಕಡೆ ಪ್ರತಿ ಮನೆಯವರೂ ವರ್ಷಕ್ಕಾಗುವಷ್ಟು ಉಳ್ಳಾಗಡ್ಡಿ-ಬಳ್ಳೊಳ್ಳಿ ಖಾರವನ್ನು ಅಲ್ಲಿ ಕುಟ್ಟಿಸಿಕೊಳ್ಳುತ್ತಾರೆ. ನಾನು, ಅಪ್ಪ ಇಬ್ಬರೂ ಹೋಗಿದ್ದೆವು. ಮೆಣಸಿನಕಾಯಿಯ ಚೀಲ ಅಪ್ಪನ ತೊಡೆಯ ಮೇಲಿತ್ತು. ಒಂದು ವಾರ ಕೂತು ಒಂದೊಂದೇ ಕಾಯಿಯ ತೊಟ್ಟು ಅವನೇ ಬಿಡಿಸಿದ್ದ.

ಅಂಗಡಿಯವರು ಹೊಸಬರು. ಯಾವುದು ಎಷ್ಟು ಹಾಕಬೇಕೆಂದು ಕೇಳಿದರು. ನಾನು ಪರ್ಸಿನಿಂದ ಒಂದು ಚೀಟಿ ತೆಗೆದುಕೊಟ್ಟೆ. ಎಣ್ಣೆ ಹತ್ತಿ ಹಳದಿಯಾದ, ಮಡಿಕೆಯಲ್ಲಿ ಹರಿದ ಚೀಟಿ. ಅವರು ಕನ್ನಡಕ ಏರಿಸಿ ಓದಿ ನಕ್ಕರು.

"ಇದೇನ್ರಿ ಬಾಯಾರ? ಅಕ್ಷರ ಕನ್ನಡ ಅದಾವು, ಮಾತು ಮರಾಠಿ ಐತಿ! ಕೊತ್ತಂಬರಿಗೆ ಧನೆ, ಖೊಬ್ಬರಿಗೆ ಖೊಬ್ರೆ, ಎಳ್ಳಿಗೆ ತೀಳ... ಈ ಳ ಯಾಕ ಹಿಂಗ ತಿರುವ್ಯಾಡೇತಿ?"

ಆ ತಿರುಚಿದ ಳ ನೋಡಿದ ಕೂಡಲೇ ನನಗೆ ಆಯಿ ನೆನಪಾದಳು. ನೆನಪಾದಳು ಅನ್ನುವುದೂ ಸುಳ್ಳೇ. ಮರೆತಿದ್ದರೆ ತಾನೆ ನೆನಪಾಗುವುದು...

ನಮ್ಮೂರು ನಿಪ್ಪಾಣಿ ಹತ್ತಿರದ ಅಕ್ಕೋಳ. ಹೆತ್ತವ್ವ ನನಗೆ ಎರಡು ವರ್ಷವಿದ್ದಾಗಲೇ ತೀರಿಕೊಂಡಳು. ಅವಳ ಮುಖ ಫೋಟೋದಲ್ಲಷ್ಟೇ ಗೊತ್ತು. ಮನೆಯಲ್ಲಿ ಉಳಿದವರು ಅಪ್ಪ, ಅಪ್ಪನ ಅವ್ವ, ನಾನು, ಎರಡು ಎಮ್ಮೆ. ಅಪ್ಪ ನನ್ನ ಜಡೆ ಹಾಕಲು ಕಲಿತದ್ದು ಕಬ್ಬಿನ ಒಣಗರಿಯ ಹಗ್ಗ ಹೊಸೆದ ಕೈಯಲ್ಲಿ. ಹಾಗಾಗಿ ನನ್ನ ಜಡೆ ಸಂಜೆಯ ತನಕ ಬಿಚ್ಚುತ್ತಿರಲಿಲ್ಲ, ತಲೆ ಮಾತ್ರ ನೋಯುತ್ತಿತ್ತು. ಅಜ್ಜಿಯನ್ನು ನಾನು "ಆಯಿ" ಅನ್ನುತ್ತಿದ್ದೆ. ಕನ್ನಡ ಮಾತಾಡುವ ನಮ್ಮಂಥ ಮನೆಗಳಲ್ಲಿ ಆಯಿ ಅಂದರೆ ಅಜ್ಜಿ. ನಾಲ್ಕು ಹೊಲ ದಾಟಿ ಮರಾಠಿ ಮನೆಗೆ ಹೋದರೆ ಆಯಿ ಅಂದರೆ ತಾಯಿ. ಇದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಗೊತ್ತಿದ್ದೂ ಎಡವುತ್ತೇವೆ.

ನನಗೆ ಏಳು ವರ್ಷವಿದ್ದಾಗ ಒಂದು ಬೇಸಿಗೆ ಅಜ್ಜಿಗೆ ಜ್ವರ ಬಂದು, ಖಾರ ಕುಟ್ಟಿಸುವ ಕೆಲಸ ಅಪ್ಪನ ತಲೆಗೆ ಬಿತ್ತು. ಅವನು ಸಂತೆಯಿಂದ ಬ್ಯಾಡಗಿ, ಸಂಕೇಶ್ವರಿ ಎರಡೂ ಮೆಣಸಿನಕಾಯಿ ತಂದು, ತಂದ ಚೀಲವನ್ನು ಹಾಗೆಯೇ ಸೈಕಲ್ಲಿಗೆ ಕಟ್ಟಿ, ನನ್ನನ್ನು ಮುಂದೆ ಕೂರಿಸಿಕೊಂಡು ನಿಪ್ಪಾಣಿಗೆ ಹೊಡೆದ. ಅಲ್ಲೊಬ್ಬಳು ಹೆಣ್ಣುಮಗಳು ಹೊಸದಾಗಿ ಡಂಕ ಹಾಕಿದ್ದಳು. ಊರವರು ಅವಳನ್ನು "ಡಂಕದ ಬಾಯಿ" ಅನ್ನುತ್ತಿದ್ದರು. ಮರಾಠಿಯಲ್ಲಿ ಬಾಯಿ ಅಂದರೆ ಹೆಂಗಸು. ಅವಳ ಮಾತು ಕೇಳಿದವರು ಕನ್ನಡದ ಬಾಯಿಯೇ ಸರಿ ಅಂತಿದ್ದರು.

ಸೆರಗಿನಿಂದ ಮೂಗು ಮುಚ್ಚಿಕೊಂಡ ಅವಳು ಚೀಲದೊಳಗೆ ಕೈ ಹಾಕಿದಳು, ತಲೆ ಎತ್ತಲಿಲ್ಲ. "ತೊಟ್ಟ ತಗದಿಲ್ಲ. ಬಿಸಲಿಗೆ ಹಾಕಿಲ್ಲ. ಹುರಿದಿಲ್ಲ. ಮನ್ಯಾಗ ಹೆಣಮಕ್ಳು ಯಾರೂ ಇಲ್ಲೇನ್ರಿ ಹೇಳಾಕ?"

"ಇಲ್ರಿ" ಅಂದ ಅಪ್ಪ.

ಆ ಒಂದು ಮಾತಿಗೆ ಅವಳು ತಲೆ ಎತ್ತಿದಳು. ಸೆರಗು ಮೂಗಿನಿಂದ ಜಾರಿತು. "ನೀನಾ?" ಅಂದಳು. ಅಪ್ಪ ಸೈಕಲ್ಲಿನ ಗಂಟೆಯನ್ನು ಸುಮ್ಮನೆ ಒಮ್ಮೆ ಬಾರಿಸಿದ. ಹತ್ತು ಹನ್ನೆರಡು ವರ್ಷದ ಮೇಲೆ ಸಿಕ್ಕವಳಿಗೆ ನನ್ನಪ್ಪ ಕೊಟ್ಟ ಉತ್ತರ ಅದು.

ಅವಳ ತವರು ಕೊಗನೊಳ್ಳಿ. ಆದರೆ ಚಿಕ್ಕಂದಿನಲ್ಲಿ ಬೆಳೆದದ್ದು ನಮ್ಮೂರಿನ ಸೋದರಮಾವನ ಮನೆಯಲ್ಲಿ, ನಮ್ಮ ಮನೆಯ ಹಿಂದಿನ ಓಣಿಯಲ್ಲಿ. ಅವಳು ಮರಾಠಿ ಶಾಲೆ, ಅಪ್ಪ ಕನ್ನಡ ಶಾಲೆ. ಸಂಜೆ ನಮ್ಮ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ಅಪ್ಪ ಅವಳಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದನಂತೆ. ಅಪ್ಪನ ಳ ಮೊದಲಿಂದಲೂ ತಿರುಚು. ಗುರುವಿನಂತೆ ಶಿಷ್ಯಳೂ ಹಾಗೇ ಬರೆದಳು. ಇಬ್ಬರೂ ದೊಡ್ಡವರಾದರು. ಓಣಿಗೆಲ್ಲ ಗೊತ್ತಾದ ಸಂಗತಿ ಮನೆಗೆ ಗೊತ್ತಾಗದೆ ಇರುತ್ತದೆಯೇ? "ಮಾತು ತಿಳೀದ ಸೊಸಿ ನನಗ ಬ್ಯಾಡ" ಎಂದುಬಿಟ್ಟಳು ಅಜ್ಜಿ. ಅವಳಿಗೆ ಮರಾಠಿ ಪೂರಾ ತಿಳಿಯುತ್ತಿತ್ತು, ತಿಳಿಯದವಳ ಹಾಗೆ ಇರುತ್ತಿದ್ದಳು ಅಷ್ಟೇ. ಅಪ್ಪ ಬಾಯಿ ಬಿಡಲಿಲ್ಲ. ಆ ಹುಡುಗಿಯನ್ನು ಕಾಗಲ ಕಡೆ ಕೊಟ್ಟರು. ಗಂಡ ನಾಲ್ಕೇ ವರ್ಷಕ್ಕೆ ಹೋದ, ಮಕ್ಕಳಿಲ್ಲ. ತವರಿಗೆ ಮರಳಿದವಳು ಯಾರ ಕೈ ಕಾಯುವುದು ಬೇಡವೆಂದು ಡಂಕ ಹಾಕಿದಳು. ಇದೆಲ್ಲ ನಾನು ಆಮೇಲೆ ಒಂದೊಂದಾಗಿ ಕೇಳಿ ಜೋಡಿಸಿಕೊಂಡದ್ದು.

ಅವತ್ತು ಮಾತ್ರ ನಾನು ಕಂಡದ್ದು ಇಷ್ಟು: ಅವಳು ಗೋಣಿಚೀಲ ಹಾಸಿ ಅಪ್ಪನನ್ನು ಕೂರಿಸಿದಳು, ಇಬ್ಬರೂ ಎದುರುಬದುರು ಕೂತು ಮಧ್ಯಾಹ್ನವಿಡೀ ತೊಟ್ಟು ಬಿಡಿಸಿದರು. ನಾನು ಸೀನಿದಾಗಲೆಲ್ಲ ಅವಳು ನನ್ನ ಕೈಗೆ ಒಂದು ಚೂರು ಖೊಬ್ಬರಿ, ಒಂದು ಚೂರು ಬೆಲ್ಲ ಇಡುತ್ತಿದ್ದಳು. ಬೆಲ್ಲದ ಆಸೆಗೆ ನಾನು ಸುಳ್ಳು ಸೀನು ಸೀನಿದೆ, ಅದಕ್ಕೂ ಕೊಟ್ಟಳು. ಇಬ್ಬರ ಕಣ್ಣಲ್ಲೂ ನೀರಿತ್ತು. ಡಂಕದ ಅಂಗಡಿಯಲ್ಲಿ ಯಾರ ಕಣ್ಣಲ್ಲಿ ನೀರು ಬಂದರೂ ಯಾಕೆ ಅಂತ ಯಾರೂ ಕೇಳುವುದಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಖಾರಕ್ಕೆ ಬರವಿರಲಿಲ್ಲ. ವರ್ಷಕ್ಕೊಮ್ಮೆ ಕುಟ್ಟಿಸುವುದನ್ನು ಅಪ್ಪ ಹದಿನೈದು ದಿನಕ್ಕೊಮ್ಮೆ ಕುಟ್ಟಿಸತೊಡಗಿದ. ಖಾರ ಆಯಿತು, ಅರಿಷಿಣ ಆಯಿತು, ಕೊನೆಗೆ ಯಾರೂ ಕೇಳದ ಶುಂಠಿಪುಡಿಯೂ ಆಯಿತು. "ತಮ್ಮಾ, ಇಷ್ಟ ಖಾರ ಯಾರು ತಿನ್ನೋರು, ಎಮ್ಮಿ ತಿಂತಾವೇನು?" ಎಂದಳು ಅಜ್ಜಿ. ಅಪ್ಪ ಮರುದಿನ ಬಾಯಿ ಬಿಟ್ಟ. ಮದುವೆ ಅಂತ ಆದರೆ ಅವಳನ್ನೇ, ಎಂದ.

ಅಜ್ಜಿ ಮೂರು ದಿನ ಅವನೊಂದಿಗೆ ಮಾತಾಡಲಿಲ್ಲ. ನಾಲ್ಕನೆಯ ದಿನ ದೊಡ್ಡಪ್ಪ ಬಂದು ರಾಜಿ ಸೂತ್ರ ಹಾಕಿದ: ತರುವುದಾದರೆ ಉಡಿಕಿ ಮಾಡಿ ತರೋಣ. ಗಂಡ ಸತ್ತವಳ ಎರಡನೆಯ ಮದುವೆಗೆ ನಮ್ಮಲ್ಲಿ ಉಡಿಕಿ ಅನ್ನುತ್ತಾರೆ. ಹೊತ್ತು ಮುಳುಗಿದ ಮೇಲೆ, ನಾಲ್ಕು ಮಂದಿಯ ಮುಂದೆ ಒಂದು ಸೀರೆ ಉಡಿಸಿ, ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಳ್ಳುತ್ತಿದ್ದರು. ಊದುವುದಿಲ್ಲ, ಬಾರಿಸುವುದಿಲ್ಲ. ಹೆಂಡತಿ ಸತ್ತ ನನ್ನಪ್ಪ ಬೇರೆ ಹುಡುಗಿಯನ್ನು ತಂದಿದ್ದರೆ ಹಗಲಲ್ಲೇ ಬ್ಯಾಂಡ್ ಬಾರಿಸುತ್ತಿದ್ದರು. ಈ ನ್ಯಾಯ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಮಾತು ಮುಗಿಸಲು ಅವಳನ್ನೂ ಅವಳ ಸೋದರಮಾವನನ್ನೂ ಮನೆಗೆ ಕರೆಸಿದರು. ಮಧ್ಯಾಹ್ನ ಎರಡರ ಸುಮಾರು. ಪಡಸಾಲೆಯಲ್ಲಿ ಗಂಡಸರು ಒಂದು ಕಡೆ, ಅಜ್ಜಿ ಕಂಬಕ್ಕೆ ಒರಗಿ, ಅವಳ ಎದುರಿಗೆ ಡಂಕದ ಬಾಯಿ. ನಡುವೆ ನಾನು, ಕೈಯಲ್ಲಿ ಅವಲಕ್ಕಿಯ ತಾಟು. ದೊಡ್ಡಪ್ಪ ಉಡಿಕಿಯ ಮಾತು ಹೇಳಿ ಮುಗಿಸಿದ. ಅವಳ ಮಾವ ಹೂಂ ಅನ್ನುವುದರಲ್ಲಿದ್ದ. ಅಷ್ಟರಲ್ಲಿ ಅವಳೇ ಮಾತಾಡಿದಳು.

"ತಪ್ಪ ತಿಳೀಬ್ಯಾಡ್ರಿ. ಗಂಡ ಸತ್ತದ್ದು ನಾ ಮಾಡಿದ ಕಳುವಲ್ಲ. ಹಗಲೆಲ್ಲ ದುಡದು ಉಂಡಾಕಿ ನಾ, ಕತ್ತಲಾಗ ಹಿತ್ತಲ ಬಾಗಲಿಂದ ಬರೂದಿಲ್ಲ. ಬಂದ್ರ ಹಗಲಿ, ತಲಬಾಗಲಿಂದ. ಇಲ್ಲಂದ್ರ ನನ್ನ ಡಂಕ ನನಗೈತಿ."

"ಮಂದಿ ಏನಂದಾರು? ಒಬ್ಬ ಬೀಗರು ಬರೂದಿಲ್ಲ" ಎಂದ ದೊಡ್ಡಪ್ಪ.

ಆಗ ನನ್ನಪ್ಪ, ಹನ್ನೆರಡು ವರ್ಷದ ಹಿಂದೆ ಇದೇ ಪಡಸಾಲೆಯಲ್ಲಿ ನಾಲಿಗೆ ನುಂಗಿಕೊಂಡು ಕೂತಿದ್ದವ, ಎದ್ದು ನಿಂತ. "ಯಾರೂ ಬರದಿದ್ರೂ ನಡೀತೈತಿ ಅಣ್ಣಾ. ನಾನು, ನನ್ನ ಮಗಳು ಬರ್ತೇವಿ. ಹಗಲೇ ಬರ್ತೇವಿ." ಅವನ ದನಿ ನಡುಗುತ್ತಿತ್ತು. ಆದರೂ ಪೂರಾ ಹೇಳಿದ. ನನ್ನಪ್ಪ ಅಂತ ನಾನು ಎದೆ ಸೆಟೆದು ಹೇಳಿಕೊಳ್ಳುವುದು ಆ ನಡುಗುವ ದನಿಯ ಬಲದ ಮೇಲೆ.

ಎಲ್ಲರೂ ಅಜ್ಜಿಯ ಮುಖ ನೋಡಿದರು. ಮನೆ ಅವಳದು, ಮಾತೂ ಅವಳದು. ಅವಳು ಬೇಡವೆಂದರೆ ಅಪ್ಪ ಮನೆ ಬಿಡಬೇಕು, ಇಲ್ಲವೇ ಇವಳನ್ನು ಇನ್ನೊಮ್ಮೆ ಬಿಡಬೇಕು. ಆ ಹೊತ್ತಿಗೆ ಸರಿಯಾಗಿ ನಾನು ಅವಲಕ್ಕಿಯಲ್ಲಿದ್ದ ಹಸಿಮೆಣಸಿನಕಾಯಿ ಕಚ್ಚಿದೆ.

"ಆಯೀ! ನೀರೂ!" ಎಂದು ಚೀರಿದೆ.

ಅಜ್ಜಿ ಕೈ ಊರಿ ಏಳತೊಡಗಿದಳು. ಆದರೆ ಅವಳಿಗಿಂತ ಮೊದಲೇ ಡಂಕದ ಬಾಯಿ ಎದ್ದು ನಿಂತಿದ್ದಳು. "ಆಲೇ, ಬಾಳಾ, ಆಲೇ!" ಬಂದೆ ಮಗು, ಬಂದೆ ಅಂತ. ಕೊರಳಿನಿಂದ ತಾನೇ ಬಂದ ಮಾತು ಅದು, ಅವಳು ಹುಟ್ಟಿದ ಭಾಷೆಯಲ್ಲಿ.

ದೊಡ್ಡಪ್ಪ ನಕ್ಕುಬಿಟ್ಟ. "ಏ ತಂಗೀ, ನಿನ್ನ ಕರದಿಲ್ಲವಾ ಅದು. ಅಜ್ಜಿನ್ನ ಕರದೈತಿ!" ಇನ್ನೂ ಇಬ್ಬರು ನಕ್ಕರು. ಅವಳ ಮುಖ ಕಿವಿಯ ತನಕ ಕೆಂಪಾಯಿತು. ಆದರೆ ಕೂರಲಿಲ್ಲ, ಹಾಗೇ ನಿಂತಿದ್ದಳು. ನನಗೆ ಬಾಯಿ ಉರಿ, ನಾನು ಇಬ್ಬರ ಮುಖವನ್ನೂ ನೋಡುತ್ತ ಅಳುತ್ತಿದ್ದೆ.

ಅಜ್ಜಿ ಅವಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅರ್ಧ ಎದ್ದವಳು ಮತ್ತೆ ಕಂಬಕ್ಕೆ ಒರಗಿ ಕೂತಳು. "ನನ್ನ ಮೊಣಕಾಲ ನೋಯ್ತಾವು. ನೀನ ಕೊಡು. ಕೊಡ ಅಡಗಿಮನ್ಯಾಗ ಐತಿ, ಒಳಗ ಹೋಗು."

ಅವಳು ಒಳಗೆ ಹೋದಳು. ತಂಬಿಗೆ ತಂದು ನನಗೆ ನೀರು ಕುಡಿಸಿ, ಸೆರಗಿನ ತುದಿಯಿಂದ ಬಾಯಿ ಒರೆಸಿದಳು. ಆ ಸೆರಗಿಗೂ ಖಾರ ಹತ್ತಿತ್ತು, ನಾನು ಇನ್ನಷ್ಟು ಚೀರಿದೆ. ಅಜ್ಜಿ ದೊಡ್ಡಪ್ಪನ ಕಡೆ ತಿರುಗಿದಳು.

"ಹಾಡಹಗಲಿ ಅಡಗಿಮನಿ ತನಕ ಹೋಗಿ ಬಂದಾಳ. ಇನ್ನ ಕತ್ತಲದ ಮಾತ್ಯಾಕ?"

ಹಗಲು ಹನ್ನೆರಡಕ್ಕೆ ಮದುವೆಯಾಯಿತು. ಬೀಗರು ಬರುವುದಿಲ್ಲ ಅಂದಿದ್ದ ದೊಡ್ಡಪ್ಪನೇ ಹಲಗೆ ಬಾರಿಸುವವರನ್ನು ಕರೆತಂದ. ಜನವೂ ಬಂತು, ಅರ್ಧ ನೋಡಲು, ಅರ್ಧ ಉಣ್ಣಲು. ಮೊದಲ ಅಕ್ಕಿಕಾಳು ಹಾಕಿದವಳು ಅಜ್ಜಿ. ರಾತ್ರಿ ನನ್ನನ್ನು ಪಕ್ಕಕ್ಕೆ ಕರೆದು, "ಇವತ್ತಿಂದ ನನಗ ಅಮ್ಮ ಅನ್ನು. ಆಯಿ ಅನ್ನೂದು ಆಕಿಗೆ ಕೊಟ್ಟೇನಿ" ಅಂದಳು. ಅವಳು ಬಂಗಾರ ಕೊಡಲಿಲ್ಲ, ರೇಷ್ಮೆ ಕೊಡಲಿಲ್ಲ. ತನ್ನನ್ನು ಕರೆಯುವ ಹೆಸರನ್ನೇ ಸೊಸೆಗೆ ಬಿಟ್ಟುಕೊಟ್ಟಳು.

ಶಾಲೆಯಲ್ಲಿ ಹುಡುಗಿಯರು "ಅವ್ವಗ ಆಯಿ ಅಂತಾಳ" ಎಂದು ಆಡಿಕೊಂಡರು. ಇಬ್ಬರ ಜಡೆ ಜಗ್ಗಿದ ಮೇಲೆ ಸುಮ್ಮನಾದರು. ಆಯಿ ಡಂಕ ಬಿಡಲಿಲ್ಲ. ದಿನಾ ಬೆಳಗಿನ ಬಸ್ಸಿಗೆ ನಿಪ್ಪಾಣಿಗೆ ಹೋಗಿ ಸಂಜೆ ಬರುತ್ತಿದ್ದಳು, ಮೈಯೆಲ್ಲ ಕೊತ್ತಂಬರಿ-ಖೊಬ್ಬರಿಯ ವಾಸನೆ. ನನ್ನನ್ನು ಕಾಲೇಜಿಗೆ ಕಳಿಸಿದ್ದು ಆ ಡಂಕವೇ. ನನ್ನ ಜಡೆಯನ್ನು ಅವಳು ಸಡಿಲವಾಗಿ ಹಾಕುತ್ತಿದ್ದಳು; ಮಧ್ಯಾಹ್ನಕ್ಕೇ ಬಿಚ್ಚುತ್ತಿತ್ತು, ತಲೆ ನೋಯುತ್ತಿರಲಿಲ್ಲ...

ಆದರೆ ಒಂದು ಮುಳ್ಳು ನನ್ನೊಳಗೇ ಉಳಿದಿತ್ತು. ಅವತ್ತು ನಾನು ಕರೆದದ್ದು ಅವಳನ್ನಲ್ಲ. ಅವಳು ಬಂದ ಮಂದಿಗೆಲ್ಲ "ನನ್ನ ಮಗಳ ನನ್ನ ಕರಕೊಂಡ ಬಂದಳು" ಅಂತ ಹೇಳುವಾಗ ನಾನು ತಲೆ ತಗ್ಗಿಸುತ್ತಿದ್ದೆ. ಹೋದ ವರ್ಷ ಅವಳು ಹಾಸಿಗೆ ಹಿಡಿದಾಗ ತಡೆಯಲಾಗದೆ ಹೇಳಿಯೇಬಿಟ್ಟೆ. "ಆಯಿ, ಅವತ್ತ ನಾ ಅಮ್ಮಗ ಕರದಿದ್ದೆ."

ಅವಳು ನಕ್ಕಳು. ಆಗ ನಗುವುದಕ್ಕೂ ಅವಳಿಗೆ ದಣಿವು. "ಗೊತ್ತ ಬಿಡ. ಎದ್ದು ನಿಂತ ಕೂಡ್ಲೆ ಗೊತ್ತಾತು. ಎಲ್ಲಾರೂ ನಕ್ಕರು, ಕುಂದರಬೇಕಾಗಿತ್ತು. ಆದ್ರ ಕುಂತಿದ್ರ ನಾ ಯಾರಿಗೂ ಆಯಿ ಆಗ್ತಿದ್ದಿಲ್ಲ ನೋಡ. ಅದಕ್ಕ ಕುಂದರಲಿಲ್ಲ."

ದೀಪಾವಳಿಗೆ ಮೊದಲು ಹೋದಳು. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಆ ಮಧ್ಯಾಹ್ನ "ಆಯೀ" ಅಂದರೆ ಇಬ್ಬರು ಎದ್ದಿದ್ದರು. ಈಗ ಕೂಗಿದರೆ ಏಳುವವರು ಒಬ್ಬರೂ ಇಲ್ಲ. ಅಪ್ಪ ಈಗ ನನ್ನ ಜೊತೆ ಚಿಕ್ಕೋಡಿಯಲ್ಲಿದ್ದಾನೆ. ಮೊದಲೇ ಕಡಿಮೆ ಮಾತಿನವ, ಆಮೇಲೆ ಇನ್ನೂ ಕಡಿಮೆಯಾದ. ಮೆಣಸಿನಕಾಯಿ ಬಂದಾಗ ಮಾತ್ರ ನಾನು ಮುಟ್ಟಲು ಬಿಡಲಿಲ್ಲ, ತೊಟ್ಟು ತಾನೇ ಬಿಡಿಸುತ್ತೇನೆ ಅಂದ.

ಅಂಗಡಿಯವರು ಚೀಟಿ ಮರಳಿ ಕೊಡುತ್ತ ಕೇಳಿದರು. "ಯಾರು ಬರದದ್ರಿ ಇದು?"

"ನಮ್ಮ ಆಯಿ" ಅಂದೆ.

"ಹಂಗಾರ ಹಳೇ ಕಾಲದ್ದ ಬಿಡ್ರಿ. ನಿಮ್ಮ ಅಜ್ಜಿ ಏನು?"

ನಾನು ಹೇಳುವುದಕ್ಕೆ ಮೊದಲೇ ಪಕ್ಕದಲ್ಲಿ ಅಪ್ಪ ಎದ್ದು ನಿಂತ. ಡಂಕದ ಸದ್ದಿಗಿಂತ ಜೋರಾಗಿ, ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡುವ ಹಾಗೆ ಹೇಳಿದ.

"ಅಜ್ಜಿ ಅಲ್ರಿ. ನನ್ನ ಹೆಂಡ್ತಿ. ಅಕ್ಷರ ಕಲಿಸಿದಾಂವ ನಾನು."

ಚೀಲ ಅವರ ಕೈಗೆ ಕೊಟ್ಟು ಬಂದು ಮತ್ತೆ ನನ್ನ ಪಕ್ಕ ಕೂತ. ಅವನ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು. ಡಂಕದ ಅಂಗಡಿ ನೋಡಿ, ಯಾಕೆ ಅಂತ ಯಾರೂ ಕೇಳಲಿಲ್ಲ.